ಯಾರೂ ಇಲ್ಲದ ನೆಲ ಯಾರಿಗೆ ಬೇಕು?

ಕಾಶಿಯ ಹರಿಶ್ಚಂದ್ರ ಘಾಟಿನ ಮೆಟ್ಟಿಲ ಮೇಲೆ ಕುಳಿತು ದೇಶದೇಶಗಳ ಗಡಿಯ ಬಗ್ಗೆ ಯಾರಾದರೂ ಚರ್ಚೆ ಮಾಡುತ್ತಾರೆಯೇ ಎಂದು ನೀವು ನಗಬಹುದು. ನಾವು ಮಾಡಿದೆವು. ಎಡಗಡೆ ಎರಡು ಚಿತೆ ಉರಿಯುತ್ತಿದ್ದವು, ಬಲಗಡೆ ಒಂದು ಆಡು ಯಾರದೋ ಚೆಂಡುಹೂವಿನ ಹಾರವನ್ನು ನಿಧಾನವಾಗಿ ಮೆಲ್ಲುತ್ತಿತ್ತು, ನನ್ನ ಮಡಿಲಲ್ಲಿ ಕೆಂಪು ವಸ್ತ್ರ ಕಟ್ಟಿದ ಒಂದು ತಾಮ್ರದ ತಂಬಿಗೆ ಇತ್ತು. ಅದರೊಳಗೆ ನನ್ನ ಸೋದರಮಾವ ಇದ್ದರು.

ಜೊತೆಯಲ್ಲಿದ್ದವರು ನನ್ನ ತಂಗಿಯ ಇಬ್ಬರು ಮಕ್ಕಳು. ನಿಮ್ಮ ಹಾಗೆಯೇ ಹೊರದೇಶದಲ್ಲಿ ಹುಟ್ಟಿ ಬೆಳೆದವರು; ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಕ್ರಿಯಾಪದ ಎಲ್ಲಿಗೋ ಓಡಿಹೋಗುತ್ತದೆ. ಅವರಿಗೆ ಮಾವ 'ಮಿಲಿಟರಿ ಅಜ್ಜ'. ಅರಕಲಗೂಡಿನ ಹತ್ತಿರದ ಹಳ್ಳಿಯಿಂದ 1958ರಲ್ಲಿ ಸೈನ್ಯಕ್ಕೆ ಸೇರಿ, 1962ರ ಚಳಿಗಾಲದಲ್ಲಿ ಲಡಾಖಿನಲ್ಲಿ ಲಾರಿ ಓಡಿಸುತ್ತಿದ್ದವರು. ಎಡಗೈಯ ಮೂರು ಬೆರಳುಗಳನ್ನು ಹಿಮ ಕಚ್ಚಿತ್ತು. ಆ ಬೆರಳುಗಳನ್ನು ಕತ್ತರಿಸಿ ತೆಗೆದದ್ದರಿಂದ ಅವರ ಕೈ ನೋಡಿ ಸಣ್ಣ ಮಕ್ಕಳು ಹೆದರುತ್ತಿದ್ದವು. ಅವರೇ ನಗುತ್ತಾ, "ಹುಲ್ಲು ಬೆಳೆಯದ ನಾಡಿನಲ್ಲಿ ಮೂರು ಬೆರಳು ಬಿತ್ತಿ ಬಂದಿದೀನಿ, ಮಳೆ ಬಂದರೆ ಮೊಳಕೆ ಬಂದೀತು" ಎನ್ನುತ್ತಿದ್ದರು. ಅಸ್ಥಿಯನ್ನು ಕಾಶಿಯಲ್ಲಿ, ಅದೂ ಹರಿಶ್ಚಂದ್ರ ಘಾಟಿನ ಎದುರೇ ಬಿಡಬೇಕೆಂದು ಹೇಳಿಟ್ಟಿದ್ದರು. ಮಣಿಕರ್ಣಿಕಾ ದೊಡ್ಡದಲ್ಲವೇ ಎಂದರೆ, "ಅದು ದೊಡ್ಡವರಿಗೆ. ಇದು ಕೆಲಸಕ್ಕೆ ನಿಂತ ರಾಜನ ಜಾಗ" ಎಂದಿದ್ದರು. 1965ರಲ್ಲಿ ರಾಜ್‌ಕುಮಾರ್ ಅವರ 'ಸತ್ಯ ಹರಿಶ್ಚಂದ್ರ' ಬಂದಾಗ ರಜೆಯಲ್ಲಿ ಊರಿಗೆ ಬಂದಿದ್ದ ಮಾವ ಆ ಸಿನಿಮಾವನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ.

ದೋಣಿಗಾಗಿ ಕಾಯುವಾಗ ಹುಡುಗಿ ನದಿಯ ಆಚೆ ದಡ ತೋರಿಸಿದಳು. ನೀವು ಕಾಶಿಗೆ ಹೋಗಿದ್ದರೆ ನೆನಪಿರಬೇಕು. ಈಚೆ ದಡದಲ್ಲಿ ಇರುವೆ ನುಗ್ಗಲೂ ಜಾಗವಿಲ್ಲ. ಒಂದಕ್ಕೊಂದು ಅಂಟಿಕೊಂಡ ಎಂಬತ್ತಕ್ಕೂ ಹೆಚ್ಚು ಘಾಟುಗಳು, ಅರಮನೆ, ಮಠ, ಛತ್ರ. ನಾವು ಕುಳಿತ ಜಾಗದ ಪಕ್ಕದಲ್ಲೇ ಮೈಸೂರು ಸಂಸ್ಥಾನದ ಕಾಲದ ಕರ್ನಾಟಕ ಘಾಟ್ ಕೂಡ ಇದೆ. ಗೋಡೆಯ ಮೇಲೆ ಆ ಹೆಸರು ಕಂಡು ಮಕ್ಕಳಿಬ್ಬರೂ ಫೋಟೋ ತೆಗೆಸಿಕೊಂಡರು. ಆಚೆ ದಡದಲ್ಲಿ ಏನೂ ಇಲ್ಲ. ಮರಳು, ಮರಳಿನ ಹಿಂದೆ ಒಂದು ಸಾಲು ಮರ. "ಅಲ್ಲಿ ಯಾಕೆ ಯಾರೂ ಇಲ್ಲ?" ಎಂದಳು. ದೋಣಿಯವನು, ಅಲ್ಲಿ ಸತ್ತರೆ ಮುಂದಿನ ಜನ್ಮದಲ್ಲಿ ಕತ್ತೆಯಾಗುತ್ತಾರೆಂಬ ನಂಬಿಕೆಯನ್ನು ಹೇಳಿದ. ಮಳೆಗಾಲದಲ್ಲಿ ಗಂಗೆ ಆ ಮರಳನ್ನೆಲ್ಲ ನುಂಗುತ್ತಾಳೆ ಎಂಬ ಲೌಕಿಕ ಕಾರಣವನ್ನು ನಾನು ಹೇಳಿದೆ. 2023ರಲ್ಲಿ ಅದೇ ಮರಳಿನ ಮೇಲೆ ಪ್ರವಾಸಿಗರಿಗೆಂದು ಡೇರೆಗಳ ಊರನ್ನೇ ಎಬ್ಬಿಸಿದ್ದರು, ಆ ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು ಎಂಬುದನ್ನೂ ಸೇರಿಸಿದೆ.

ಆಗ ಹುಡುಗ ಬಾಯಿಬಿಟ್ಟ. ಅವನು ಕಾಲೇಜಿನಲ್ಲಿ ಓದುತ್ತಿದ್ದಾನೆ. 2025ರ ಆರಂಭದಲ್ಲಿ ಅಮೆರಿಕದ ಅಧ್ಯಕ್ಷರು ಗ್ರೀನ್‌ಲ್ಯಾಂಡ್ ನಮಗೆ ಬೇಕು, ಕೆನಡಾ 51ನೇ ರಾಜ್ಯವಾಗಲಿ ಎಂದೆಲ್ಲ ಹೇಳಿದಾಗ ಅವನ ತರಗತಿಯಲ್ಲಿ ದೊಡ್ಡ ವಾದವಾಗಿತ್ತಂತೆ. ಅಷ್ಟು ಬಲಿಷ್ಠ ದೇಶಕ್ಕೆ ಜನರೇ ಇಲ್ಲದ ಹಿಮದ ಹಾಸು ಯಾಕೆ ಬೇಕು, ಅದೆಲ್ಲ ಬರೀ ಮಾತು ಎಂದು ಇವನು ವಾದಿಸಿ ಗೆದ್ದಿದ್ದನಂತೆ. "ಹಾಗಾದರೆ ಅಜ್ಜನ ಬೆರಳು ಯಾಕೆ ಹೋಯ್ತು? ಯಾರೂ ಇಲ್ಲದ ಜಾಗಕ್ಕೆ ಯಾರಾದರೂ ಯುದ್ಧ ಮಾಡ್ತಾರಾ?" ಎಂದು ಕೇಳಿದ. ಕೇಳುವಾಗ ಅವನ ಕಣ್ಣು ತಂಬಿಗೆಯ ಮೇಲಿತ್ತು. ಗೆದ್ದ ವಾದ ಅವನನ್ನು ಕಾಡುತ್ತಿದೆ ಎಂದು ನನಗೆ ಅನಿಸಿತು.

ಆ ದಿನ ಕೊಟ್ಟ ಉತ್ತರ ಅರೆಬರೆಯಾಗಿತ್ತು. ಊರಿಗೆ ಬಂದು ಒಂದಷ್ಟು ಓದಿ, ಯೋಚಿಸಿ, ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಕುಳಿತ ಜಾಗದಿಂದಲೇ ಹೊರಡೋಣ. ಹರಿಶ್ಚಂದ್ರ ಘಾಟಿನಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಕೋಟೆಯಂತೆ ಎತ್ತರದ ಗೋಡೆಯ ಚೇತ್‌ಸಿಂಗ್ ಘಾಟ್ ಸಿಗುತ್ತದೆ. 1775ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಫೈಜಾಬಾದ್ ಒಪ್ಪಂದದ ಮೂಲಕ ನೆರೆಯ ಅವಧದ ನವಾಬನಿಂದ ಬನಾರಸ್ ಸೀಮೆಯನ್ನು ಕಸಿದುಕೊಂಡಿತು. ಆ ಗಡಿನಾಡು ಬರಿದಾಗಿರಲಿಲ್ಲ, ಜನರಿಂದ ಕಿಕ್ಕಿರಿದಿತ್ತು. ಅದಕ್ಕೇ ಬೇಕಾಗಿತ್ತು, ಏಕೆಂದರೆ ಜನ ಎಂದರೆ ಕಂದಾಯ. ಮತ್ತಷ್ಟು ಹಣ ಕೊಡೆಂದು ಪೀಡಿಸಿ, ಕೊಡದಿದ್ದಾಗ 1781ರ ಆಗಸ್ಟ್‌ನಲ್ಲಿ ವಾರನ್ ಹೇಸ್ಟಿಂಗ್ಸ್ ಸ್ವತಃ ಬಂದು ರಾಜಾ ಚೇತ್‌ಸಿಂಗನನ್ನು ಈ ಶಿವಾಲಾದ ಅರಮನೆಯಲ್ಲೇ ಬಂಧಿಸಿದ. ರಾಜನ ಕಡೆಯವರು ಕಂಪೆನಿಯ ಸಿಪಾಯಿಗಳ ಮೇಲೆ ಬಿದ್ದರು. ಗಲಾಟೆಯಲ್ಲಿ ರಾಜ ಪೇಟಗಳನ್ನು ಗಂಟುಹಾಕಿ ಕಿಟಕಿಯಿಂದ ಇಳಿದು ನದಿ ದಾಟಿ ತಪ್ಪಿಸಿಕೊಂಡ. ಎಲ್ಲಿಗೆ? ಆಚೆ ದಡಕ್ಕೆ!

ನಮ್ಮ ಕರ್ನಾಟಕದಲ್ಲಿಯೂ ಇಂಥದೇ ಲೆಕ್ಕಾಚಾರ ನಡೆದಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರನ್ನು ಹಂಚಿಕೊಂಡಾಗ ಕಂಪೆನಿ ತನಗೆಂದು ಎತ್ತಿಟ್ಟುಕೊಂಡದ್ದನ್ನು ನೋಡಿ: ಕರಾವಳಿಯ ಕೆನರಾ, ಕೊಯಮತ್ತೂರು ಸೀಮೆ, ವಯನಾಡಿನ ಕಾಡುಬೆಟ್ಟ. ಕೆನರಾ ಹೋದ ಮೇಲೆ ಮೈಸೂರಿಗೆ ಸಮುದ್ರವೇ ಉಳಿಯಲಿಲ್ಲ, ಫ್ರೆಂಚರ ಹಡಗು ಬಂದು ಸೇರಲು ಬಂದರು ಉಳಿಯಲಿಲ್ಲ. ವಯನಾಡಿನಲ್ಲಿ ಕಂದಾಯ ಎಷ್ಟಿತ್ತು? ಹೇಳಿಕೊಳ್ಳುವಂಥದ್ದಲ್ಲ. ಆದರೆ ಘಟ್ಟ ಹತ್ತಿ ಇಳಿಯುವ ದಾರಿಗಳು ಅಲ್ಲಿದ್ದವು. ಮರಾಠರ ಪೇಶ್ವೆಗೆ ಹರಪನಹಳ್ಳಿ, ಸೋಂದೆಯ ಕಡೆಯ ಸೀಮೆ ಕೊಡುತ್ತೇವೆ, ಆದರೆ ಷರತ್ತುಗಳಿವೆ ಎಂದರು; ಪೇಶ್ವೆ ಬೇಡವೆಂದ. ಅಂದರೆ ಪುಕ್ಕಟೆ ಸಿಕ್ಕರೂ ಬೇಡವೆನ್ನುವ ನೆಲವಿದೆ, ಜನವಿಲ್ಲದಿದ್ದರೂ ಬಿಡಲಾಗದ ನೆಲವಿದೆ. ನಮ್ಮ ಪ್ರಶ್ನೆ ಎರಡನೆಯದರ ಬಗ್ಗೆ.

ನಿಮ್ಮಲ್ಲಿ ಅನೇಕರು ಕ್ಯಾಲಿಫೋರ್ನಿಯಾದಲ್ಲಿ ಬೆಳೆದವರು. ಫ್ರೀಮಾಂಟ್ ಎಂಬ ಊರಿನ ಹೆಸರು ಎಲ್ಲಿಂದ ಬಂತು ಎಂದು ಯಾವಾಗಲಾದರೂ ಯೋಚಿಸಿದ್ದೀರಾ? ಜಾನ್ ಫ್ರೀಮಾಂಟ್ ಎಂಬ ಸೇನಾಧಿಕಾರಿ 1846ರಲ್ಲಿ ಆ ಸೀಮೆಯನ್ನು ಮೆಕ್ಸಿಕೋದಿಂದ ಕೀಳುವುದರಲ್ಲಿ ಕೈಯಾಡಿಸಿದವನು. ಮೆಕ್ಸಿಕೋದ ಉತ್ತರದ ಗಡಿನಾಡು ಆಗ ವಿಶಾಲ, ಆದರೆ ವಸತಿ ವಿರಳ. ಯುದ್ಧದಲ್ಲಿ ಅಮೆರಿಕದ ಸೈನ್ಯ ಮೆಕ್ಸಿಕೋ ನಗರವನ್ನೇ ಹಿಡಿದಿತ್ತು. ಇಡೀ ದೇಶವನ್ನೇ ಸೇರಿಸಿಕೊಳ್ಳೋಣ ಎಂಬ ಕೂಗೂ ಎದ್ದಿತ್ತು. ಅದನ್ನು ವಿರೋಧಿಸಿದವರಲ್ಲಿ ಪ್ರಮುಖ ಸೆನೆಟರ್ ಕ್ಯಾಲ್ಹೂನ್. ಕಾರಣ ಕೇಳಿದರೆ ಮೈ ಉರಿಯುತ್ತದೆ: ಅಷ್ಟೊಂದು ಬಿಳಿಯರಲ್ಲದ ಜನರನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವುದು ಅವನಿಗೆ ಬೇಕಿರಲಿಲ್ಲ. ಕೊನೆಗೆ 1848ರ ಫೆಬ್ರವರಿ 2ರ ಒಪ್ಪಂದದಲ್ಲಿ ಅಮೆರಿಕ ಜನ ತುಂಬಿದ ದಕ್ಷಿಣವನ್ನು ಬಿಟ್ಟು, ಜನ ವಿರಳವಾದ ಉತ್ತರವನ್ನು ಒಂದೂವರೆ ಕೋಟಿ ಡಾಲರ್ ಕೊಟ್ಟು ಇಟ್ಟುಕೊಂಡಿತು. ಅದಕ್ಕೆ ಒಂಬತ್ತು ದಿನ ಮೊದಲು, ಜನವರಿ 24ರಂದು, ಅದೇ ಕ್ಯಾಲಿಫೋರ್ನಿಯಾದ ಒಂದು ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಚಿನ್ನ ಸಿಕ್ಕಿತ್ತು. ಸುದ್ದಿ ಇನ್ನೂ ಹರಡಿರಲಿಲ್ಲ. ಚಿನ್ನಕ್ಕಾಗಿ ಯುದ್ಧವಾಗಲಿಲ್ಲ ಎಂಬುದನ್ನು ಗಮನಿಸಿ. ಪೆಸಿಫಿಕ್ ಸಾಗರದ ಬಂದರು ಬೇಕಾಗಿತ್ತು, ಅಷ್ಟೆ.

ಇಲ್ಲಿ ನಮ್ಮ ಹುಡುಗನ ವಾದ ತಲೆಕೆಳಗಾಗುತ್ತದೆ. ಅವನು 'ಜನರಿಲ್ಲದ ಕಾರಣ ಬೇಡ' ಎಂದ. ಚರಿತ್ರೆಯಲ್ಲಿ ಎಷ್ಟೋ ಸಲ 'ಜನರಿಲ್ಲದ ಕಾರಣ ಬೇಕು' ಎಂದಾಗಿದೆ. ಕಂದಾಯದ ಕಾಲದಲ್ಲಿ ಪ್ರಜೆ ಆದಾಯವಾಗಿದ್ದ; ಮತ, ಭಾಷೆ, ಹಕ್ಕು ಎಂದು ಕೇಳತೊಡಗಿದ ಮೇಲೆ ಪ್ರಜೆ ತಲೆನೋವಾದ. ಜನವಿಲ್ಲದ ನೆಲ ತಗಾದೆ ಮಾಡುವುದಿಲ್ಲ.

ಅಲಾಸ್ಕಾದ ಕಥೆ ನಿಮಗೆ ಶಾಲೆಯಲ್ಲೇ ಹೇಳಿರುತ್ತಾರೆ. 1867ರಲ್ಲಿ ರಷ್ಯಾ ಅದನ್ನು 72 ಲಕ್ಷ ಡಾಲರಿಗೆ ಮಾರಿತು, ಎಕರೆಗೆ ಎರಡು ಸೆಂಟಿನಂತೆ. ಕೊಂಡ ಸೀವರ್ಡ್‌ನನ್ನು ಜನ ಹುಚ್ಚನೆಂದರು. 1968ರಲ್ಲಿ ಪ್ರೂಡೋ ಕೊಲ್ಲಿಯಲ್ಲಿ ತೈಲ ಸಿಕ್ಕಿತು. ಗ್ರೀನ್‌ಲ್ಯಾಂಡಿನ ಕಥೆಯೂ 2025ರಲ್ಲಿ ಶುರುವಾದದ್ದಲ್ಲ. 1946ರಲ್ಲೇ ಟ್ರೂಮನ್ ಸರ್ಕಾರ ಡೆನ್ಮಾರ್ಕಿಗೆ ಹತ್ತು ಕೋಟಿ ಡಾಲರ್ ಮೌಲ್ಯದ ಚಿನ್ನ ಕೊಡುತ್ತೇವೆ, ಮಾರಿ ಎಂದಿತ್ತು. ಮಾರಲಿಲ್ಲ. ಆದರೆ 1951ರ ಒಪ್ಪಂದದಿಂದ ಅಮೆರಿಕಕ್ಕೆ ಅಲ್ಲಿ ಸೇನಾನೆಲೆ ಸಿಕ್ಕಿತು. ಭೂಗೋಳದ ಗೋಲವನ್ನು ಮೇಲಿನಿಂದ ನೋಡಿ: ರಷ್ಯಾದಿಂದ ಅಮೆರಿಕಕ್ಕೆ ಕ್ಷಿಪಣಿ ಬರುವುದಾದರೆ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ. ಅಲ್ಲಿ ಕಣ್ಣಿಟ್ಟು ಕೂರಲು ಒಂದು ಜಗಲಿ ಬೇಕು. ಸುಮಾರು 57 ಸಾವಿರ ಜನ ಅಲ್ಲಿದ್ದಾರೆ ಎಂಬುದು ಕೇಳುವವರಿಗೆ ಕೊನೆಯಲ್ಲಿ ನೆನಪಾಗುವ ಸಂಗತಿ.

ಈಗ ಮಾವನ ಬೆರಳಿಗೆ ಬರುತ್ತೇನೆ.

ಅಕ್ಸಾಯ್ ಚಿನ್ ಎಂಬುದು ಲಡಾಖಿನ ಈಶಾನ್ಯಕ್ಕಿರುವ ಎತ್ತರದ ಮರುಭೂಮಿ. ಸಮುದ್ರಮಟ್ಟದಿಂದ 16-17 ಸಾವಿರ ಅಡಿ. ಉಪ್ಪಿನ ಕೆರೆಗಳು, ಕಲ್ಲು, ಗಾಳಿ. ಸುಮಾರು 38 ಸಾವಿರ ಚದರ ಕಿಲೋಮೀಟರ್, ಹೆಚ್ಚುಕಡಿಮೆ ಕೇರಳದಷ್ಟು. ಕೇರಳದಲ್ಲಿ ಮೂರು ಕೋಟಿಗೂ ಹೆಚ್ಚು ಜನ; ಇಲ್ಲಿ ಬೇಸಿಗೆಯಲ್ಲಿ ಕುರಿಗಾಹಿಗಳು ಬಂದು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಹುಲ್ಲುಕಡ್ಡಿ ಬೆಳೆಯದ ಜಾಗ ಎಂದು ಪ್ರಧಾನಿ ನೆಹರೂ ಸಂಸತ್ತಿನಲ್ಲೇ ಅಂದರು, ಅದಕ್ಕೆ ಅವರದೇ ಪಕ್ಷದ ಮಹಾವೀರ್ ತ್ಯಾಗಿ ತಮ್ಮ ಬೋಳುತಲೆ ತೋರಿಸಿ ಇಲ್ಲೂ ಏನೂ ಬೆಳೆಯುವುದಿಲ್ಲ, ಕತ್ತರಿಸಿ ಕೊಟ್ಟುಬಿಡೋಣವೇ ಎಂದರು ಎಂಬ ಪ್ರಸಂಗವನ್ನು ನಿಮ್ಮ ತಂದೆಯವರು ಕೇಳಿರುತ್ತಾರೆ. ಮಾವ ಬೆರಳಿನ ಜೋಕನ್ನು ಅಲ್ಲಿಂದಲೇ ಎರವಲು ತಂದದ್ದು.

ಅಂಥ ಜಾಗ ಚೀನಾಕ್ಕೆ ಯಾಕೆ ಬೇಕಾಯಿತು? ನಕ್ಷೆ ಬಿಡಿಸಿಕೊಳ್ಳಿ. ಬಾಯಲ್ಲಿ ಹೇಳಿದರೆ ಅರ್ಥವಾಗದು. ಚೀನಾದ ಪಶ್ಚಿಮದಲ್ಲಿ ಎರಡು ಭಾರೀ ಪ್ರಾಂತಗಳಿವೆ: ಮೇಲೆ ಶಿಂಜಿಯಾಂಗ್, ಕೆಳಗೆ ಟಿಬೆಟ್. ನಡುವೆ ಕುನ್‌ಲುನ್ ಪರ್ವತ ಗೋಡೆಯಂತೆ ನಿಂತಿದೆ. ಆ ಗೋಡೆಯ ಪಶ್ಚಿಮ ತುದಿಯಲ್ಲಿ ಒಂದು ಕಿಂಡಿ. ಕಿಂಡಿಯಿಂದ ಹೊರಬಿದ್ದರೆ ಚಪ್ಪಟೆಯಾದ ಅಕ್ಸಾಯ್ ಚಿನ್, ಅದನ್ನು ದಾಟಿದರೆ ಪಶ್ಚಿಮ ಟಿಬೆಟ್. 1950ರಲ್ಲಿ ಚೀನಾ ಸೈನ್ಯ ಟಿಬೆಟ್ ಪ್ರವೇಶಿಸಿದ ಮೇಲೆ ಪೂರ್ವದ ದಾರಿಗಳಲ್ಲಿ ಖಂಪಾ ಜನರ ಬಂಡಾಯ ಹೊತ್ತಿಕೊಂಡಿತು. ಆಗ ಈ ಪಶ್ಚಿಮದ ಕಿಂಡಿಯೇ ಜೀವನಾಡಿ. 1957ರ ಹೊತ್ತಿಗೆ ಅಲ್ಲಿ ಅವರು ರಸ್ತೆ ಮುಗಿಸಿದರು; ಅದರ ಸುಮಾರು 180 ಕಿಲೋಮೀಟರ್ ನಾವು ನಮ್ಮದೆನ್ನುವ ನೆಲದಲ್ಲಿ ಹಾದುಹೋಗಿತ್ತು. ಕೇರಳದಷ್ಟು ನೆಲದಲ್ಲಿ ಅವರಿಗೆ ಬೇಕಾಗಿದ್ದದ್ದು ಆ ಒಂದು ರಸ್ತೆ, ಮತ್ತು ಆ ರಸ್ತೆಗೆ ಬೇಲಿಯಾಗುವಷ್ಟು ಜಾಗ. ರಸ್ತೆ ಮುಗಿದ ಸುದ್ದಿ ಚೀನಾದವರೇ ಪ್ರಕಟಿಸಿದ ಮೇಲೆ ದೆಹಲಿಗೆ ಖಚಿತವಾಯಿತು. ಜನವಿಲ್ಲದ ನೆಲದ ಕಷ್ಟವೇ ಇದು. ಮನೆಗೆ ಕಳ್ಳ ಬಂದರೆ ಕೂಗಲಾದರೂ ಒಬ್ಬರು ಇರಬೇಕಲ್ಲ?

ಒಂದು ವಿಷಯವನ್ನು ಮುಚ್ಚಿಡಬಾರದು. ಬ್ರಿಟಿಷರು ಈ ಗಡಿಯನ್ನು ಸರಿಯಾಗಿ ಗೆರೆ ಹಾಕಿ ಹೋಗಿರಲಿಲ್ಲ. 1865ರಲ್ಲಿ ಜಾನ್ಸನ್ ಎಂಬ ಸರ್ವೇಯರ್ ಅಕ್ಸಾಯ್ ಚಿನ್ನನ್ನು ಕಾಶ್ಮೀರದೊಳಗೆ ತೋರಿಸಿದ. 1899ರಲ್ಲಿ ಅದೇ ಬ್ರಿಟಿಷರು ಚೀನಾಕ್ಕೆ ಕಳಿಸಿದ ಇನ್ನೊಂದು ಪ್ರಸ್ತಾಪದ ಗೆರೆಯಲ್ಲಿ ಅದರ ಬಹುಭಾಗ ಚೀನಾದ ಕಡೆಗೆ ಬೀಳುತ್ತಿತ್ತು. ಚೀನಾ ಉತ್ತರವನ್ನೇ ಕೊಡಲಿಲ್ಲ. ಸ್ವತಂತ್ರ ಭಾರತದ ನಕ್ಷೆಗಳಲ್ಲಿ 1954ರವರೆಗೆ ಆ ಭಾಗದ ಗಡಿ ಅನಿಶ್ಚಿತವೆಂದೇ ಇತ್ತು. ನಿಮ್ಮ ಚೀನೀ ಸಹಪಾಠಿ ವಾದಕ್ಕೆ ನಿಂತರೆ ಇವನ್ನೆಲ್ಲ ಹೇಳುತ್ತಾನೆ, ಹೇಳಲಿ. ಗೆರೆ ಅಸ್ಪಷ್ಟವಾಗಿದ್ದರೆ ಕುಳಿತು ಮಾತಾಡಬೇಕು. ನೆರೆಯವನಿಗೆ ತಿಳಿಸದೆ ರಸ್ತೆ ಹಾಕುವುದು ಮಾತಲ್ಲ ಎಂದು ನೀವು ಹೇಳಿ.

ಮಾತುಕತೆಯೂ ನಡೆಯಿತು. ಅದಕ್ಕೆ ಮೊದಲು 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಗಸ್ತು ತಿರುಗುತ್ತಿದ್ದ ನಮ್ಮ ಹತ್ತು ಮಂದಿ ಪೊಲೀಸರು ಚೀನೀ ಗುಂಡಿಗೆ ಬಲಿಯಾದರು. ಪ್ರತಿವರ್ಷ ಅದೇ ದಿನ ನಮ್ಮ ಊರಿನ ಪೊಲೀಸ್ ಮೈದಾನಗಳಲ್ಲೂ ಹುತಾತ್ಮರ ದಿನ ಆಚರಿಸುವುದು ಅದಕ್ಕೇ. 1960ರ ಏಪ್ರಿಲ್‌ನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ದೆಹಲಿಗೆ ಬಂದರು. ಅವರ ಮಾತಿನ ಒಳತಿರುಳು ಸುಮಾರಾಗಿ ಹೀಗಿತ್ತು: ಪೂರ್ವದಲ್ಲಿ ನೀವಿರುವಲ್ಲಿ ನೀವಿರಿ, ಪಶ್ಚಿಮದಲ್ಲಿ ನಾವಿರುವಲ್ಲಿ ನಾವಿರುತ್ತೇವೆ. ಪೂರ್ವ ಎಂದರೆ ಆಗ ನೇಫಾ ಎನ್ನುತ್ತಿದ್ದ ಇಂದಿನ ಅರುಣಾಚಲ. ಚೀನಾ ಅಲ್ಲಿ ತನ್ನದೆನ್ನುತ್ತಿದ್ದದ್ದು ಸುಮಾರು 90 ಸಾವಿರ ಚದರ ಕಿಲೋಮೀಟರ್. ಕಾಡು, ನದಿ, ಗದ್ದೆ, ತವಾಂಗಿನ ದೊಡ್ಡ ಮಠ, 3 ಲಕ್ಷಕ್ಕೂ ಹೆಚ್ಚು ಜನ. ಅದನ್ನು ಬಿಟ್ಟುಕೊಟ್ಟು ಅದರ ಅರ್ಧಕ್ಕಿಂತ ಕಡಿಮೆ ಇರುವ ಕಲ್ಲುನೆಲ ಸಾಕೆಂಬ ಸೂಚನೆ. ಭಾರತ ಒಪ್ಪಲಿಲ್ಲ. ಒಪ್ಪಬೇಕಿತ್ತೇ ಎಂಬ ಬಗ್ಗೆ ಇವತ್ತಿಗೂ ಪುಸ್ತಕಗಳು ಬರುತ್ತಲೇ ಇವೆ. ಗುಟ್ಟಾಗಿ ರಸ್ತೆ ಹಾಕಿದವನಿಗೆ ರಸ್ತೆಯನ್ನೇ ಬಹುಮಾನ ಕೊಡುವುದು ಆಗಿನ ಸಂಸತ್ತಿನಲ್ಲಿ ಯಾರಿಗೂ ಸಾಧ್ಯವಿರಲಿಲ್ಲ ಎಂಬುದು ನನ್ನ ಅನಿಸಿಕೆ.

1962ರ ಅಕ್ಟೋಬರ್ 20ರಂದು ಯುದ್ಧ. ಒಂದು ತಿಂಗಳಲ್ಲಿ ಚೀನೀ ಸೈನ್ಯ ಪೂರ್ವದಲ್ಲಿ ತವಾಂಗ್, ಬೊಮ್ಡಿಲಾ ದಾಟಿ ಅಸ್ಸಾಮಿನ ಬಯಲಿನ ಅಂಚಿಗೆ ಬಂತು. ತೇಜ್‌ಪುರದ ಜನ ಊರು ಬಿಟ್ಟು ಓಡಿದರು. ಪಶ್ಚಿಮದಲ್ಲಿ ನವೆಂಬರ್ 18ರಂದು ಚುಶೂಲ್ ಬಳಿಯ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾವೂಂ ರೆಜಿಮೆಂಟಿನ ತುಕಡಿ ಕೊನೆಯ ಗುಂಡಿನವರೆಗೆ ಕಾದಿ, 110ಕ್ಕೂ ಹೆಚ್ಚು ಮಂದಿ ಮಡಿದರು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನವಿರಾಮ ಸಾರಿತು. ಮುಂದಿನದನ್ನು ಗಮನವಿಟ್ಟು ನೋಡಿ. ಪೂರ್ವದಲ್ಲಿ ಗೆದ್ದದ್ದನ್ನೆಲ್ಲ, ಊರು, ಮಠ, ಗದ್ದೆ, ಜನ ಸಮೇತ, ಬಿಟ್ಟು ಮಕ್‌ಮಹನ್ ರೇಖೆಯ ಆಚೆಗೆ ಹಿಂದೆ ಸರಿದರು. ಪಶ್ಚಿಮದಲ್ಲಿ ಅಕ್ಸಾಯ್ ಚಿನ್ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ.

ಬಲಿಷ್ಠ ನೆರೆಯವನು ಬರಿದಾದ ಗಡಿನಾಡನ್ನು ಬಯಸುತ್ತಾನೆಯೇ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಎರಡೂ ಕೈಯಲ್ಲಿದ್ದವು. ತುಂಬಿದ್ದನ್ನು ಕೊಟ್ಟ, ಬರಿದನ್ನು ಇಟ್ಟುಕೊಂಡ.

ಮಾವನ ಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲಿಯೇ ಒಂದು ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಜನರಲ್ ತಿಮ್ಮಯ್ಯನವರ ಚಿತ್ರವಿತ್ತು. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಈ ಕೊಡಗಿನ ವೀರ ನಮಗೆ ಲಡಾಖ್ ಉಳಿಸಿಕೊಟ್ಟವರಲ್ಲಿ ಒಬ್ಬರು ಎಂಬುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1948ರ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಅವರ ಡಕೋಟಾ ವಿಮಾನ ಮೊದಲ ಬಾರಿಗೆ ಲೇಹ್‌ನಲ್ಲಿ, ಸುಮಾರು 11 ಸಾವಿರ ಅಡಿ ಎತ್ತರದ ಮರಳಿನ ಪಟ್ಟಿಯ ಮೇಲೆ, ಇಳಿದಾಗ ಒಳಗೆ ಕುಳಿತಿದ್ದವರು ತಿಮ್ಮಯ್ಯ. ಅದೇ ನವೆಂಬರ್ 1ರಂದು ಯಾರೂ ಊಹಿಸದ ರೀತಿಯಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲೇಹ್‌ನ ದಾರಿ ತೆರೆದರು. ಬರಿ ಕಲ್ಲು, ಬರಿ ಹಿಮ ಎಂದು ಅವರೂ ಅಂದುಕೊಂಡಿದ್ದರೆ ಮುಂದಿನ ಕಥೆಯೇ ಬೇರೆ ಇರುತ್ತಿತ್ತು.

ಹಾಗಾದರೆ ಬಲಿಷ್ಠರೆಲ್ಲ ಪಕ್ಕದ ಬರಿನೆಲಕ್ಕೆ ಬಾಯಿ ಬಿಡುತ್ತಾರೆಯೇ? ಇಲ್ಲ. ಇದಕ್ಕೂ ಚೀನಾವೇ ಸಾಕ್ಷಿ. 1858 ಮತ್ತು 1860ರ ಒಪ್ಪಂದಗಳಲ್ಲಿ ರಷ್ಯಾ ದುರ್ಬಲ ಚೀನಾದಿಂದ ಅಮೂರ್ ನದಿಯ ಆಚೆಯ ಸುಮಾರು 10 ಲಕ್ಷ ಚದರ ಕಿಲೋಮೀಟರ್ ಕಿತ್ತುಕೊಂಡಿತು. ವ್ಲಾಡಿವೊಸ್ಟಾಕ್ ಹುಟ್ಟಿದ್ದು ಹಾಗೆ. ಇವತ್ತು ರಷ್ಯಾದ ಇಡೀ ಪೂರ್ವಾಂಚಲದಲ್ಲಿ ಸುಮಾರು 80 ಲಕ್ಷ ಜನ, ಬೆಂಗಳೂರಿನಷ್ಟೂ ಇಲ್ಲ. ಗಡಿಯ ಈಚೆ ಚೀನಾದ ಮೂರು ಪ್ರಾಂತಗಳಲ್ಲಿ 9 ಕೋಟಿಗೂ ಹೆಚ್ಚು. ಚೀನೀಯರು ನಾಳೆ ಉಕ್ಕಿ ಹರಿಯುತ್ತಾರೆ ಎಂದು ಮೂವತ್ತು ವರ್ಷದಿಂದ ಪಂಡಿತರು ಬರೆಯುತ್ತಿದ್ದಾರೆ. ಆದದ್ದೇನು? 1969ರಲ್ಲಿ ಉಸುರಿ ನದಿಯ ಒಂದು ದ್ವೀಪಕ್ಕಾಗಿ ಗುಂಡು ಹಾರಿತು ನಿಜ. ಆದರೆ 1991ರಿಂದ 2008ರ ನಡುವೆ ಎರಡೂ ದೇಶಗಳು ಕುಳಿತು ಇಡೀ ಗಡಿಯನ್ನು ಇತ್ಯರ್ಥ ಮಾಡಿಕೊಂಡವು. 2019ರಿಂದ ಸೈಬೀರಿಯಾದ ಅನಿಲ ಕೊಳವೆಯಲ್ಲಿ ಹರಿದು ಬರುತ್ತಿದೆ. ಕೊಂಡರೆ ಸಿಗುವುದನ್ನು ಕಸಿಯುವುದೇಕೆ, ಅದೂ ಅಣುಬಾಂಬು ಇಟ್ಟುಕೊಂಡವನಿಂದ? ಆ ಮೂರು ಪ್ರಾಂತಗಳ ಜನಸಂಖ್ಯೆಯೂ ಇಳಿಯುತ್ತಿದೆ. ಅಲ್ಲಿನ ಯುವಕರಿಗೆ ಬೇಕಾದದ್ದು ದಕ್ಷಿಣದ ನಗರಗಳ ಕೆಲಸ, ಉತ್ತರದ ಹಿಮವಲ್ಲ. ನಮ್ಮ ಹಳ್ಳಿಯ ಹುಡುಗರು ಬೆಂಗಳೂರಿಗೆ ಓಡಿದ ಹಾಗೆ, ನಿಮ್ಮ ತಂದೆತಾಯಿ ಅಲ್ಲಿಗೆ ಓಡಿದ ಹಾಗೆ. ಜನ ತುಂಬಿದ ಕಡೆಯಿಂದ ಖಾಲಿ ಕಡೆಗೆ ಹರಿಯಲು ಮನುಷ್ಯನೇನು ನೀರಲ್ಲ. ಅವನು ಇನ್ನಷ್ಟು ತುಂಬಿದ ಕಡೆಗೇ ಹೋಗುತ್ತಾನೆ. ಕಾಶಿಯ ಎರಡು ದಡ ನೋಡಿದರೆ ಸಾಕು.

ಆದ್ದರಿಂದ ಯಾರಾದರೂ 'ಅವರಿಗೆ ಜಾಗ ಸಾಲದು, ಅದಕ್ಕೆ ಬೇಕು' ಎಂದರೆ ನಂಬಬೇಡಿ. ಜಾಗಕ್ಕಾಗಿ ಜಾಗ ಬೇಕಾಗುವುದು ತೀರ ಕಡಿಮೆ. ರಸ್ತೆಯೋ, ಬಂದರೋ, ನದಿಯ ಮೂಲವೋ, ನೋಡಲು ಎತ್ತರದ ಜಗಲಿಯೋ ಬೇಕಾಗಿರುತ್ತದೆ. ಕೆಲವೊಮ್ಮೆ ಇವು ಯಾವುದೂ ಅಲ್ಲ, ಹಟ. ಹರಿಶ್ಚಂದ್ರನ ಕಥೆಯನ್ನೇ ತೆಗೆದುಕೊಳ್ಳಿ. 13ನೇ ಶತಮಾನದಲ್ಲಿ ನಮ್ಮ ರಾಘವಾಂಕ ಬರೆದ 'ಹರಿಶ್ಚಂದ್ರ ಕಾವ್ಯ'ದಲ್ಲಿ ವಿಶ್ವಾಮಿತ್ರನಿಗೆ ಅಯೋಧ್ಯೆಯ ರಾಜ್ಯ ಬೇಕಿತ್ತೇ? ತಪಸ್ವಿಗೆ ರಾಜ್ಯವೇಕೆ! ಇಂದ್ರನ ಸಭೆಯಲ್ಲಿ ವಸಿಷ್ಠನ ಎದುರು ಆಡಿದ ಮಾತು ಗೆಲ್ಲಬೇಕಿತ್ತು. ಅದಕ್ಕಾಗಿ ಒಬ್ಬ ರಾಜ ಹೆಂಡತಿ ಮಗನನ್ನು ಮಾರಿ, ವೀರಬಾಹುಕನ ಆಳಾಗಿ, ಈ ಸುಡುಗಾಡಿನಲ್ಲಿ ಹೆಣದ ಸುಂಕ ಎತ್ತಬೇಕಾಯಿತು. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ದೊಣ್ಣೆ ಕಲ್ಲುಗಳ ಕಾಳಗದಲ್ಲಿ ಸತ್ತಾಗ ನನಗೆ ಮೊದಲು ನೆನಪಾದದ್ದು ಈ ಹಟದ ಕಥೆ. ತಮ್ಮ ಕಡೆ ನಾಲ್ವರು ಸತ್ತರೆಂದು ಚೀನಾ ಆಮೇಲೆ ಹೇಳಿತು. ಹಿಂದೆ ಸರಿಯುವ ಕೊನೆಯ ಒಪ್ಪಂದಕ್ಕೆ 2024ರ ಅಕ್ಟೋಬರ್ ಬರಬೇಕಾಯಿತು.

ಇನ್ನೊಂದು ತಮಾಷೆ ಹೇಳುತ್ತೇನೆ. ಬರಿನೆಲ ಹಿಡಿದವನಿಗೆ ಅದು ಬರಿದಾಗಿರುವುದೇ ಚಿಂತೆಯಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಚೀನಾ ಟಿಬೆಟಿನ ಗಡಿಯುದ್ದಕ್ಕೂ ಹೊಸ ಹಳ್ಳಿಗಳನ್ನು ಕಟ್ಟಿ ಜನರನ್ನು ತಂದು ಕೂರಿಸಿದೆ. ಭಾರತವೂ 2023ರಲ್ಲಿ ಗಡಿಯ ಹಳ್ಳಿಗಳು ಖಾಲಿಯಾಗದಂತೆ ರಸ್ತೆ, ವಿದ್ಯುತ್, ಫೋನ್ ಕೊಡುವ ಯೋಜನೆ ಹಾಕಿದೆ. ನೂರು ಸೈನಿಕರಿಗಿಂತ ಒಂದು ಒಲೆಯ ಹೊಗೆ ದೊಡ್ಡ ಗಡಿಕಲ್ಲು ಎಂಬುದು ಇಬ್ಬರಿಗೂ ಹೊಳೆದಿದೆ.

ಈ ಮಾತು ನಮ್ಮ ಮಾವನಿಗೆ ಅರವತ್ತು ವರ್ಷ ಮೊದಲೇ ಗೊತ್ತಿತ್ತು. ದೋಣಿ ನಡುನೀರಿಗೆ ಬಂದಾಗ ಮಕ್ಕಳಿಗೆ ಹೇಳಿದ್ದು ಇದನ್ನೇ. ಆ ನವೆಂಬರ್ ರಾತ್ರಿ ಲಾರಿ ಕೆಟ್ಟು ನಿಂತಾಗ ಮಾವ ಕೈಗವಸು ಬಿಚ್ಚಿ ನಟ್ಟು ತಿರುಗಿಸಲು ಹೋದರು. "ತಪ್ಪು ನನ್ನದೇ, ಗವಸು ಜೇಬಿನಲ್ಲಿಟ್ಟು ಮರೆತೆ" ಎನ್ನುತ್ತಿದ್ದರು. ಬೆಳಗಾಗುವ ಹೊತ್ತಿಗೆ ಕೈ ಮರದ ತುಂಡಾಗಿತ್ತು. ಅಲ್ಲಿ ಯಾರೂ ಇಲ್ಲವೆಂದೇ ತಿಳಿದಿದ್ದರು. ಎಲ್ಲಿಂದಲೋ ಆಡುಗಳ ಹಿಂಡಿನ ಗಂಟೆ ಕೇಳಿಸಿತಂತೆ, ಹಿಂದೆಯೇ ಒಬ್ಬ ಮುದುಕಿ. ಭಾಷೆ ಇಬ್ಬರಿಗೂ ಬಾರದು. ಅವಳು ಕೈ ನೋಡಿದಳು, ಬೈದಳು (ಬೈಗುಳಕ್ಕೆ ಭಾಷೆ ಬೇಡ ಎಂದು ಮಾವ ನಗುತ್ತಿದ್ದರು), ತನ್ನ ಕರಿಯ ಡೇರೆಗೆ ಎಳೆದುಕೊಂಡು ಹೋಗಿ ಆ ಕೈಯನ್ನು ತನ್ನ ಕಂಬಳಿಯೊಳಗೆ ಹೊಟ್ಟೆಗೆ ಆನಿಸಿಕೊಂಡು ಕುಳಿತಳು, ಉಪ್ಪು ಹಾಕಿದ ಬೆಣ್ಣೆ ಚಹಾ ಕುಡಿಸಿದಳು. ಮೂರು ಹೋಗಿ ಎರಡು ಉಳಿದದ್ದು ಅವಳಿಂದ ಎಂಬುದು ಮಾವನ ಲೆಕ್ಕ. ಯಾರಾದರೂ ಅವರೆದುರು ಆ ಜಾಗದಲ್ಲಿ ಯಾರಿದ್ದರು ಎಂದು ಕೇಳಿದರೆ, "ಅಜ್ಜಿ ಇದ್ದಳಲ್ಲ" ಎನ್ನುತ್ತಿದ್ದರು. ರೆಜಾಂಗ್ ಲಾದಲ್ಲಿ ಹೆಪ್ಪುಗಟ್ಟಿದ ನಮ್ಮ ಯೋಧರ ದೇಹಗಳನ್ನು ಕೆಲವು ತಿಂಗಳ ಮೇಲೆ ಮೊದಲು ಕಂಡವನೂ ಒಬ್ಬ ಕುರಿಗಾಹಿಯೇ.

ತಂಬಿಗೆ ಬಿಚ್ಚಿದಾಗ ಹುಡುಗ ತಾನೇ ಮುಂದೆ ಬಂದು ಕೈ ಹಾಕಿದ. ಬೂದಿ ನೀರಿನ ಮೇಲೆ ಸ್ವಲ್ಪ ಹೊತ್ತು ಹಾಸಿಕೊಂಡಿದ್ದು ಉತ್ತರದ ಕಡೆಗೆ ಸರಿಯಿತು. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. ವಾಪಸು ಹೊರಡೋಣವೇ ಎಂದು ದೋಣಿಯವನು ಕೇಳಿದ. ಹುಡುಗಿ ಆಚೆ ದಡಕ್ಕೆ ಹೋಗೋಣ ಎಂದಳು. ಅದಕ್ಕೆ ಬೇರೆ ದುಡ್ಡು ಎಂದ, ಚೌಕಾಸಿ ಮಾಡಿದೆ, ಒಪ್ಪಿದ. ದಡ ಹತ್ತಿರವಾದಂತೆ ಮರಳಿನ ಮೇಲೆ ಒಬ್ಬ ಮುದುಕ ಕಲ್ಲಂಗಡಿ ಬಳ್ಳಿಗೆ ಗುಂಡಿ ತೋಡುತ್ತಿದ್ದದ್ದು ಕಾಣಿಸಿತು. ಈಚೆ ದಡದಿಂದ ನಮಗೆ ಅವನು ಕಂಡೇ ಇರಲಿಲ್ಲ.